ಮರಿ ಮಂಕಾದಾಗ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಕಡೆ ಮಾವಿನ ತೋಪುಗಳು ಹೆಚ್ಚು. ತೋಪಿಗೊಂದು ಕಾವಲು, ಕಾವಲಿಗೊಂದು ನಾಯಿ, ನಾಯಿಗೆ ನಾಲ್ಕಾರು ಮರಿಗಳು. ಹಣ್ಣಿನ ಬುಟ್ಟಿಯೊಡನೆ ಅಂಥದೊಂದು ಮರಿಯೂ ಬೆಂಗಳೂರಿನ ಮನೆಗೆ ಬಂದಿಳಿದರೆ ಮಕ್ಕಳ ಸಂಭ್ರಮ ಹೇಳತೀರದು. ಹೆಸರಿಡುವ ವಿಚಾರದಲ್ಲೇ ಮನೆ ಎರಡು ಪಕ್ಷವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಮರಿ ಮೂಲೆ ಹಿಡಿದು ಮಲಗುತ್ತದೆ. ಹಾಲನ್ನು ಮೂಸಿ ಮುಖ ತಿರುಗಿಸುತ್ತದೆ. ಹೊಸ ಜಾಗದ ಬೇಸರವೆಂದು ಒಬ್ಬರು, ದೃಷ್ಟಿ ತಾಕಿತೆಂದು ಅಜ್ಜಿ. ಈ ಚರ್ಚೆಯಲ್ಲಿ ಕಳೆದುಹೋಗುವ ಎರಡು ದಿನಗಳೇ ಎಷ್ಟೋ ವೇಳೆ ಮರಿಯ ಆಯುಸ್ಸನ್ನು ನಿರ್ಣಯಿಸಿಬಿಡುತ್ತವೆ.

ಮಂಕಿನ ಬೆನ್ನಲ್ಲೇ ವಾಂತಿ, ದುರ್ಗಂಧದ ಭೇದಿ, ಅದರಲ್ಲಿ ರಕ್ತ ಕಂಡರೆ ಪಾರ್ವೊ ರೋಗವನ್ನು ಶಂಕಿಸಬೇಕು. 1978ರ ಸುಮಾರಿಗೆ ಜಗತ್ತಿನ ಹಲವೆಡೆ ತಲೆದೋರಿದ ಈ ವೈರಾಣು ಕರುಳನ್ನೂ ಬಿಳಿಯ ರಕ್ತಕಣಗಳನ್ನೂ ನಾಶಮಾಡುತ್ತದೆ. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ದು ಸಲೈನ್ ಕೊಡಿಸಿದರೆ ಬದುಕುವ ಆಸೆಯುಂಟು. ಮರಿ ಮಲಗಿದ ನೆಲಕ್ಕೆ ಫಿನಾಯಿಲ್ ಸುರಿದು ನಿಶ್ಚಿಂತರಾಗುವವರಿದ್ದಾರೆ. ಈ ವೈರಾಣು ಅದಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರೇ ಬೇಕು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುವುದರಿಂದ, ಒಂದು ಮರಿ ಸತ್ತ ಅಂಗಳಕ್ಕೆ ಕೂಡಲೇ ಇನ್ನೊಂದನ್ನು ತರಬಾರದು.

ಡಿಸ್ಟೆಂಪರ್ ಮೆಲ್ಲಗೆ ಬರುತ್ತದೆ. ಜ್ವರ, ಕೆಮ್ಮು, ಕಣ್ಣು ಮೂಗುಗಳಲ್ಲಿ ಕೀವಿನಂಥ ಸ್ರಾವ. ನೆಗಡಿಯೆಂದು ಉಪೇಕ್ಷಿಸಿದರೆ ವಾರಗಳ ಮೇಲೆ ಸ್ನಾಯುಗಳ ಅದುರು, ಸೆಳವು. ಸಿಡುಬಿನ ಲಸಿಕೆಗೆ ಹೆಸರಾದ ಎಡ್ವರ್ಡ್ ಜೆನ್ನರನೇ 1809ರಲ್ಲಿ ಈ ಬೇನೆಯನ್ನು ವರ್ಣಿಸಿದ್ದಾನೆ.

ಎರಡಕ್ಕೂ ಲಸಿಕೆಯುಂಟು. ಆದರೆ “ಒಮ್ಮೆ ಚುಚ್ಚಿಸಿದ್ದೆವು, ಆದರೂ ಸತ್ತಿತು” ಎಂಬ ದೂರನ್ನು ಕೇಳುತ್ತೇವೆ. ಅದಕ್ಕೆ ಕಾರಣ ಕುತೂಹಲಕರವಾಗಿದೆ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ರೋಗನಿರೋಧಕ ಶಕ್ತಿ ದೊರೆಯುತ್ತದೆ. ಅದು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ. ಅದು ಯಾವ ವಾರ ಕರಗುವುದೆಂಬುದು ಮರಿಯಿಂದ ಮರಿಗೆ ಬೇರೆ. ಆದುದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು-ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೂ ಲಸಿಕೆ ಹಾಕಿಸಬೇಕು. ಅಲ್ಲಿಯತನಕ ಬೀದಿಯ ನೆಲವನ್ನು ಮೂಸಲು ಬಿಡದಿರುವುದು ಲೇಸು. ಎಂಟು ವಾರ ತುಂಬದೆ ಮರಿಯನ್ನು ತಾಯಿಯಿಂದ ಅಗಲಿಸಿ ತರುವುದೂ ತರವಲ್ಲ.

ಗುಡಾಣದಂಥ ಹೊಟ್ಟೆಯನ್ನು ಕಂಡು ಮರಿ ಪುಷ್ಟವಾಗಿದೆಯೆಂದು ಹಿಗ್ಗುವವರೂ ಉಂಟು. ಬಹಳ ಸಲ ಅದು ಜಂತುಹುಳುವಿನ ಕೆಲಸ. ತಾಯಿಯ ಗರ್ಭದಲ್ಲೇ ಅಂಟುವ ಈ ಹುಳುವಿನ ಮೊಟ್ಟೆಗಳು ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ; ಅಪರೂಪಕ್ಕೆ ಮಗುವಿನ ಕಣ್ಣಿಗೂ ಕೇಡು. ಎರಡನೆಯ ವಾರದಿಂದಲೇ, ತೂಕ ನೋಡಿ, ವೈದ್ಯರು ಹೇಳಿದಂತೆ ಔಷಧ ಕುಡಿಸಬೇಕು.

ಎಲ್ಲಕ್ಕಿಂತ ಭಯಂಕರವಾದುದು ಹುಚ್ಚುನಾಯಿ ರೋಗ. ಮೂರು ತಿಂಗಳು ತುಂಬಿದೊಡನೆ ಅದರ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಮರಿಗೆ ಈ ರೋಗವಿಲ್ಲವೆಂಬ ನಂಬಿಕೆ ಶುದ್ಧ ತಪ್ಪು. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿಸಿಕೊಂಡುದನ್ನು ಮುಚ್ಚಿಡುತ್ತಾರೆ, ಬೈಯದೆ ಕೇಳಬೇಕು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕಾಲುಗಂಟೆ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಪಡೆದು, ಉಳಿದವುಗಳ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿಡಿ.