ಪಹರೆಯ ಸಂಬಳ

ಸಬ್ಸಿಡಿ ಎಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ಹನಿ ನೀರಾವರಿಯ ಪೈಪು. ಸರ್ಕಾರ ಕೊಡುತ್ತದೆ, ನಾವು ಪಡೆಯುತ್ತೇವೆ. ಹಳೆಯ ಮೈಸೂರಿನ ಲೆಕ್ಕಪತ್ರಗಳಲ್ಲಿ ಈ ಮಾತು ಹಿಂದುಮುಂದಾಗಿತ್ತು. ಅಲ್ಲಿ ಸಬ್ಸಿಡಿ ಎಂದರೆ ಮೈಸೂರು ಬ್ರಿಟಿಷರಿಗೆ ಕಟ್ಟುತ್ತಿದ್ದ ಹಣ, ಕನ್ನಡದಲ್ಲಿ ಪೊಗದಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜುಲೈನಲ್ಲಿ, ಇನ್ನೂ ಐದು ತುಂಬಿರದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಪ್ಪಂದವಾಯಿತು. ಕಂಪನಿಯ ಪಡೆ ಮೈಸೂರನ್ನು ಕಾಯುತ್ತದೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕಟ್ಟಬೇಕು. ಟಿಪ್ಪುವಿನ ರಾಜ್ಯ ಹಂಚುವಾಗ ಒಡೆಯರ ಪಾಲಿಗೆ ಬಂದ ಸೀಮೆಯ ಹುಟ್ಟುವಳಿಯನ್ನು ಸುಮಾರು 13.74 ಲಕ್ಷ ಕಂಠೀರಾಯ ವರಹ ಎಂದು ಅಂದಾಜು ಮಾಡಿದ್ದರು. ಸ್ಟಾರ್ ಪಗೋಡ ಅದಕ್ಕಿಂತ ಬೆಲೆಯುಳ್ಳ ನಾಣ್ಯ. ಹೇಗೆ ಲೆಕ್ಕ ಹಾಕಿದರೂ ಅಂದಾಜು ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಹರೆಯವನ ಸಂಬಳಕ್ಕೇ ಹೋಗಬೇಕಿತ್ತು.

ಕಾನೂನು ಬಲ್ಲವರು ಇದನ್ನು ಸೇನಾ ಠಿಕಾಣಿ ಎನ್ನಲಾರರು. ಪಠ್ಯಪುಸ್ತಕದಲ್ಲಿ ಇದರ ಹೆಸರು ಸಹಾಯಕ ಸೈನ್ಯ ಪದ್ಧತಿ. ಯುದ್ಧ ಗೆದ್ದ ಪಡೆ ಸೋತ ನೆಲದಲ್ಲಿ ಬೀಡುಬಿಟ್ಟು, ಅದರ ಊಟ ಬಟ್ಟೆಯ ಖರ್ಚನ್ನು ಆ ನೆಲವೇ ಹೊತ್ತರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ನನ್ನ ಮಟ್ಟಿಗೆ ಎರಡೂ ಒಂದೇ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಂತು ತಪ್ಪಲಿಲ್ಲ. ಕಟ್ಟಿದ್ದು ಯಾರು? ಸಂಸ್ಥಾನ ಎಂದರೆ ಉತ್ತರವಾಗುವುದಿಲ್ಲ. ಸಂಸ್ಥಾನ ಹೊಲ ಉಳುವುದಿಲ್ಲ. ಮುಂದೆ ಮುಮ್ಮಡಿಯವರ ಆಳ್ವಿಕೆಯಲ್ಲಿ, ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡುವ ಶರತ್ತು ಪದ್ಧತಿ ಬಂತು. ಅರಮನೆಯ ದುಂದು ಇತ್ತು, ಅಧಿಕಾರಿಗಳ ಸುಲಿಗೆಯೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ದುಂದಿಗೂ ಮೊದಲು ಎತ್ತಿಡಲೇಬೇಕಾಗಿದ್ದ ಮೊತ್ತ ಪೊಗದಿ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ತಿರುಗಿಬಿದ್ದರು. ದಂಗೆ ಅಡಗಿಸಲು ಕಂಪನಿಯ ಪಡೆಯೂ ಬಂತು. ಅದರ ಸಂಬಳ ಬರುತ್ತಿದ್ದುದು ಅದೇ ರೈತರ ಕಂದಾಯದಿಂದ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕೈಗೆ ತೆಗೆದುಕೊಂಡಾಗ ಆಧಾರವಾಗಿ ತೋರಿಸಿದ್ದು 1799ರ ಒಪ್ಪಂದದ ಒಂದು ಕಲಮನ್ನು: ಪೊಗದಿಗೆ ಕುತ್ತು ಬರುವಂತಿದ್ದರೆ ಕಂಪನಿ ರಾಜ್ಯವನ್ನು ವಹಿಸಿಕೊಳ್ಳಬಹುದು. ಕಾವಲುಗಾರ ಮನೆಯ ಬೀಗದ ಕೈ ಇಸಿದುಕೊಂಡ.

ಐವತ್ತು ವರ್ಷದ ಮೇಲೆ, 1881ರಲ್ಲಿ, ಬೀಗದ ಕೈ ವಾಪಸು ಬಂತು. ನಡುವೆ 1876-78ರ ಬರ ಬಂದುಹೋಗಿತ್ತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಿಮೆ. ಅಂಥ ಹೊತ್ತಿನಲ್ಲಿ ರಾಜ್ಯ ಮರಳಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು; ಬರದ ಕಾರಣಕ್ಕೆ ಏರಿಕೆ ಜಾರಿಯಾಗುವುದು ಮಾತ್ರ 1896ರವರೆಗೆ ಮುಂದಕ್ಕೆ ಹೋಯಿತು. ಆ ವೇಳೆಗೆ ಮೈಸೂರಿನ ಮೇಲೆ ದಂಡೆತ್ತಿ ಬರಲು ಮರಾಠರೂ ಇರಲಿಲ್ಲ, ನಿಜಾಮನಿಗೂ ಆ ಶಕ್ತಿ ಇರಲಿಲ್ಲ. 1927ರಲ್ಲಿ ವೈಸರಾಯ್ ಇರ್ವಿನ್ ಹತ್ತೂವರೆ ಲಕ್ಷದ ರಿಯಾಯಿತಿ ಘೋಷಿಸಿದರು. ಅದು ದೊಡ್ಡ ಔದಾರ್ಯವೆನಿಸಿಕೊಂಡಿತು. ಮೊತ್ತ ಬಂದು ನಿಂತದ್ದು 24.5 ಲಕ್ಷಕ್ಕೆ, ಅಂದರೆ 1799ರ ಅಂಕಿಗೆ.

ಇದರ ಪಕ್ಕದಲ್ಲಿ ಫ್ರಾನ್ಸನ್ನು ಇಟ್ಟು ನೋಡಬೇಕು. ನೆಪೋಲಿಯನ್ ಸೋತ ಮೇಲೆ 1815ರ ಪ್ಯಾರಿಸ್ ಒಪ್ಪಂದ ಫ್ರಾನ್ಸಿನ ಮೇಲೆ 70 ಕೋಟಿ ಫ್ರಾಂಕ್ ದಂಡ ಹೇರಿತು. ಜೊತೆಗೆ ವೆಲ್ಲಿಂಗ್ಟನ್ನನ ಕೈಕೆಳಗಿನ ಒಂದೂವರೆ ಲಕ್ಷ ಸೈನಿಕರನ್ನು ಸಾಕುವ ಖರ್ಚು. (ಇದೇ ವೆಲ್ಲಿಂಗ್ಟನ್ 1799ರಲ್ಲಿ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿದ ಆರ್ಥರ್ ವೆಲ್ಲೆಸ್ಲಿ.) ಗರಿಷ್ಠ ಅವಧಿ ಐದು ವರ್ಷ. ಫ್ರಾನ್ಸ್ ಬ್ಯಾಂಕರುಗಳಿಂದ ಸಾಲ ಎತ್ತಿತು, ಲೆಕ್ಕ ಮುಗಿಸಿತು, ಮೂರೇ ವರ್ಷಕ್ಕೆ, 1818ರಲ್ಲಿ, ಸೇನೆ ಗಡಿ ದಾಟಿಸಿತು. 1871ರಲ್ಲಿ ಜರ್ಮನಿಗೆ ಸೋತಾಗಲೂ ಇದೇ ಕಥೆ: 500 ಕೋಟಿ ಫ್ರಾಂಕ್ ಗಡುವಿಗೆ ಮೊದಲೇ ತೀರಿತು, 1873ರ ಸೆಪ್ಟೆಂಬರಿನಲ್ಲಿ ಕೊನೆಯ ಜರ್ಮನ್ ಸೈನಿಕ ಹೊರಟ. ಅಲ್ಲಿಯೂ ತೆರಿಗೆ ಕಟ್ಟಿದ್ದು ಸಾಮಾನ್ಯ ಫ್ರೆಂಚರೇ, ಹೊರೆ ಹಗುರವೇನಲ್ಲ. ಆದರೆ ಅದು ಸಾಲ, ತೀರಿಸಿದರೆ ಮುಗಿಯಿತು. ಮೈಸೂರಿನದು ಬಾಡಿಗೆ, ಅದೂ ಸ್ವಂತ ಮನೆಗೆ. ಬಿಲ್ಲಿಗೆ ಕೊನೆಯ ಮೊತ್ತ ಇದೆಯೇ ಇಲ್ಲವೇ ಎಂಬುದೇ ಈ ಇಡೀ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಯಾರು ಕೊಡಬೇಕು ಎಂದರೆ ಹೆಚ್ಚಿನವರು ಥಟ್ಟನೆ ಹೇಳುವ ಉತ್ತರ, ಯುದ್ಧ ಹೂಡಿದವನೇ ಕೊಡಲಿ ಎಂದು. ನ್ಯಾಯವಾಗಿಯೇ ಕೇಳಿಸುತ್ತದೆ. ತನ್ನ ಮನೆ ಸುಟ್ಟವನನ್ನು ಕಾಯುವ ಪೊಲೀಸರ ಭತ್ಯೆಯನ್ನೂ ಮನೆ ಕಳೆದುಕೊಂಡವನೇ ತೆರಬೇಕೆ? ಈ ವಾದದ ಎಡವಟ್ಟು ತಿಳಿಯಬೇಕಾದರೆ ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಓದಬೇಕು. ರೈನ್ ಪ್ರದೇಶದಲ್ಲಿ ಠಿಕಾಣಿ ಹೂಡಿದ ಸೇನೆಗಳ ಪೂರ್ತಿ ಖರ್ಚು ಜರ್ಮನಿಯದೆಂದು ಅದರ 249ನೇ ವಿಧಿ ಹೇಳಿತು. ಅಷ್ಟೇ ಅಲ್ಲ, ಜರ್ಮನಿ ಕೊಡುವ ಹಣದಲ್ಲಿ ಯುದ್ಧಪರಿಹಾರಕ್ಕಿಂತ ಮೊದಲು ಈ ಖರ್ಚು ಕಳೆಯಬೇಕೆಂದೂ ಇತ್ತು. ಪರಿಣಾಮ ಏನಾಯಿತು? ಸೇನೆ ಎಷ್ಟು ದೊಡ್ಡದಾಗಿ, ಎಷ್ಟು ದಿನ ಕೂತರೆ ಅಷ್ಟೂ ಬೆಲ್ಜಿಯಂ, ಉತ್ತರ ಫ್ರಾನ್ಸುಗಳ ಹಾಳುಬಿದ್ದ ಊರಿನ ಪಾಲು ಹಿಂದಕ್ಕೆ. ಎಲ್ಲರಿಗಿಂತ ಹೆಚ್ಚು ಸಂಬಳದ ಅಮೆರಿಕನ್ ಸೈನಿಕನ ಬಾಬ್ತು ಎಲ್ಲಕ್ಕಿಂತ ದುಬಾರಿ. ಅದು ಪೂರ್ತಿ ವಸೂಲಾಗುವ ಮೊದಲೇ, 1923ರ ಜನವರಿಯಲ್ಲಿ, ಅಮೆರಿಕ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಿತು. ಪರಿಹಾರ ಬೇರೆ, ಪಹರೆ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ತಿನ್ನುವುದು ಕಾವಲುಗಾರ, ಹಸಿದಿರುವುದು ಮನೆ ಕಳೆದುಕೊಂಡವನು.

1907ರ ಹೇಗ್ ನಿಯಮಗಳು ಒಂದು ಗೆರೆ ಎಳೆಯಲು ನೋಡಿದ್ದವು. ಸೇನೆ ತನ್ನ ಅಗತ್ಯಕ್ಕೆ ಅಥವಾ ಆ ಸೀಮೆಯ ಆಡಳಿತಕ್ಕೆ ಮಾತ್ರ ಹಣ ಎತ್ತಬಹುದು, ದವಸ ಸಾಮಾನು ಕೇಳುವಾಗ ಊರಿನ ತಾಕತ್ತು ನೋಡಬೇಕು, ರಸೀದಿ ಕೊಡಬೇಕು. ಒಳ್ಳೆಯ ಮಾತು. ಆದರೆ ಅಗತ್ಯ ಎಷ್ಟೆಂದು ಹೇಳುವವನೂ ಸೇನಾಪತಿಯೇ. 1940ರಲ್ಲಿ ಹಿಟ್ಲರನ ಸೇನೆಯ "ಅಗತ್ಯ" ಫ್ರಾನ್ಸಿಗೆ ದಿನಕ್ಕೆ 40 ಕೋಟಿ ಫ್ರಾಂಕ್ ಬಿತ್ತು. ಸೈನಿಕರನ್ನು ಸಾಕಿ ಉಳಿದ ಹಣದಲ್ಲಿ ಫ್ರಾನ್ಸಿನ ಸರಕನ್ನೇ ಕೊಂಡು ಜರ್ಮನಿಗೆ ಸಾಗಿಸಿದರು.

1945ರ ನಂತರದ ಜಪಾನ್ ಇಷ್ಟು ಒರಟಾದ ಉದಾಹರಣೆಯಲ್ಲ, ಅದಕ್ಕೇ ಹೆಚ್ಚು ಪಾಠ ಹೇಳುತ್ತದೆ. ಅಲ್ಲಿ ಅಮೆರಿಕನ್ನರು ಗೋಧಿ ತಂದರು, ಭೂಸುಧಾರಣೆ ಮಾಡಿಸಿದರು, ಹೆಣ್ಣುಮಕ್ಕಳಿಗೆ ಮತದ ಹಕ್ಕು ಬಂತು. ಸೇನೆಯ ವಸತಿ, ಕೂಲಿ, ಕಟ್ಟಡಗಳ ಖರ್ಚನ್ನು ಮಾತ್ರ ಜಪಾನ್ ಸರ್ಕಾರವೇ ಹೊತ್ತಿತು. ಮೊದಮೊದಲು ಅದು ಬಜೆಟ್ಟಿನ ಮೂರನೇ ಒಂದು ಭಾಗದಷ್ಟಿತ್ತು. ಬಜೆಟ್ಟಿನಲ್ಲಿ ಅದರ ಶೀರ್ಷಿಕೆ "ಯುದ್ಧ ಸಮಾಪ್ತಿ ವೆಚ್ಚ". ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದುದರಿಂದ, ಮಕ್ಕಳು ಗೆಣಸು ತಿಂದು ದಿನ ದೂಡುತ್ತಿದ್ದ ಕಾಲದಲ್ಲಿ, ಈ ಅಂಕಿಯನ್ನು ಬಿಚ್ಚಿ ಚರ್ಚಿಸುವ ಹಾಗೂ ಇರಲಿಲ್ಲ. ಬಜೆಟ್ಟಿಗೆ ಬರದ ಖರ್ಚು ಇನ್ನೊಂದಿತ್ತು. ಸೈನಿಕರು ಬಂದಿಳಿಯುವ ಹೊತ್ತಿಗೆ ಜಪಾನ್ ಸರ್ಕಾರವೇ ಮುಂದೆ ನಿಂತು ಅವರಿಗಾಗಿ ವೇಶ್ಯಾಗೃಹಗಳನ್ನು ತೆರೆಸಿತು. "ಮರ್ಯಾದಸ್ಥ" ಮನೆಯ ಹೆಣ್ಣುಗಳನ್ನು ಉಳಿಸಲು ಬಡಮನೆಯ ಹೆಣ್ಣುಗಳನ್ನು ಮುಂದೆ ಮಾಡಿತು. ಅಮೆರಿಕ ಕೊಟ್ಟ ನೆರವಿಗೂ ಆಮೇಲೆ ಲೆಕ್ಕ ಬಂತು. 49 ಕೋಟಿ ಡಾಲರ್ ಮರಳಿಸಲು 1962ರಲ್ಲಿ ಜಪಾನ್ ಸಹಿ ಹಾಕಿತು. ಅದೇ ಜಪಾನಿನಲ್ಲಿ ಭಾರತದ 268ನೇ ಬ್ರಿಗೇಡ್ ಕೂಡ ಇತ್ತು, ಅದರ ನಾಯಕರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಸ್ವಂತ ದೇಶದಲ್ಲಿ ಇನ್ನೂ ಬ್ರಿಟಿಷ್ ಧ್ವಜ ಹಾರುತ್ತಿದ್ದಾಗ ಇನ್ನೊಂದು ದೇಶದ ಮೇಲೆ ಪಹರೆ ಕಾಯುವುದು ಎಂಥ ವಿಚಿತ್ರ ಕೆಲಸ ಎಂದು ಆಗಾಗ ಯೋಚಿಸುತ್ತೇನೆ.

ಹಾಗಾದರೆ ನಾನು ಹೇಳುವುದು ಇಷ್ಟು: ಸೈನಿಕನ ಸಂಬಳ ಅವನನ್ನು ಕಳಿಸಿದ ದೇಶದ ಜನರ ಹೊಣೆಯಾಗಬೇಕು. ದಯೆಯ ಮಾತಲ್ಲ ಇದು. ಖರ್ಚು ತಟ್ಟುವ ಜನಕ್ಕೆ ವೋಟು ಇದ್ದರೆ ಮಾತ್ರ, ಸೇನೆ ಯಾವಾಗ ವಾಪಸು ಬರುತ್ತದೆಂದು ಯಾರಾದರೂ ಕೇಳುತ್ತಾರೆ. ಬ್ರಿಟನ್ ಯುದ್ಧದುದ್ದಕ್ಕೂ ಬ್ರೆಡ್ಡಿಗೆ ರೇಷನ್ ಹಾಕಿರಲಿಲ್ಲ. ಗೆದ್ದ ಮೇಲೆ, 1946ರ ಜುಲೈನಲ್ಲಿ ಹಾಕಿತು. ಜರ್ಮನಿಯಲ್ಲಿ ತನ್ನ ಪಾಲಿನ ವಲಯಕ್ಕೆ ಅನ್ನ ಒದಗಿಸಬೇಕಾದದ್ದೂ ಅದಕ್ಕೊಂದು ಕಾರಣ. ಗೆದ್ದವರು ನಾವು, ಪರಿಹಾರ ಕೊಡುತ್ತಿರುವವರೂ ನಾವೇ ಎಂಬ ಗೊಣಗು ಸಂಪುಟದವರೆಗೂ ಏರಿತು. ಮರುವರ್ಷದ ಆರಂಭದಲ್ಲೇ ಬ್ರಿಟನ್ ತನ್ನ ವಲಯವನ್ನು ಅಮೆರಿಕನ್ ವಲಯದೊಂದಿಗೆ ಕೂಡಿಸಿತು. ಆಸ್ಟ್ರಿಯಾದಲ್ಲಿ ಅಮೆರಿಕ 1947ರಿಂದ ತನ್ನ ಸೇನೆಯ ಖರ್ಚನ್ನು ತಾನೇ ಹೊತ್ತಿತು. ರಷ್ಯಾ 1953ರಲ್ಲಿ ಅದೇ ದಾರಿ ಹಿಡಿಯಿತು. 1955ರಲ್ಲಿ ಎಲ್ಲ ಸೇನೆಗಳೂ ಹೊರಟವು. ಖರ್ಚೊಂದೇ ಅವರನ್ನು ಹೊರಡಿಸಿತು ಎಂದರೆ ಉತ್ಪ್ರೇಕ್ಷೆ, ಶೀತಲ ಸಮರದ ಚದುರಂಗ ಬೇರೆಯೇ ಇತ್ತು.

ನನ್ನ ವಾದಕ್ಕೆ ಎದುರು ನಿಲ್ಲುವುದು ಇರಾಕ್. ಅಲ್ಲಿ ಸೇನೆಯ ಖರ್ಚನ್ನು ಅಮೆರಿಕವೇ ಹೊತ್ತಿತು, ಆದರೂ ವರ್ಷಗಟ್ಟಲೆ ಕೂತಿತು. ಆದರೆ ಹೊತ್ತದ್ದು ಹೇಗೆ ನೋಡಿ: ಯುದ್ಧ ಆರಂಭವಾದ 2003ರಲ್ಲೇ ಅಮೆರಿಕ ತೆರಿಗೆ ಇಳಿಸಿತು, ಸಾಲ ಮಾಡಿ ಸೇನೆ ಸಾಕಿತು. ಬಿಲ್ಲು ಹೋದದ್ದು ಇನ್ನೂ ವೋಟಿನ ವಯಸ್ಸಿಗೆ ಬಾರದ ಮಕ್ಕಳ ಹೆಸರಿಗೆ.

ಜಪಾನಿನ ಠಿಕಾಣಿ 1952ರಲ್ಲಿ ಕಾಗದದ ಮೇಲೆ ಮುಗಿಯಿತು, ಓಕಿನಾವಾದಲ್ಲಿ 1972ರಲ್ಲಿ. ನೆಲೆಗಳು ಉಳಿದವು. 1978ರಿಂದ ಅವುಗಳ ಖರ್ಚಿನ ಒಂದು ಭಾಗವನ್ನು ಜಪಾನ್ ಹೊರುತ್ತಿದೆ; ಆ ಬಾಬ್ತಿಗೆ ಅಲ್ಲಿನವರು ಇಟ್ಟ ಹೆಸರು "ಸಹಾನುಭೂತಿಯ ಬಜೆಟ್". ಇತ್ತೀಚೆಗೆ ಅದನ್ನು "ಮೈತ್ರಿ ಬಲವರ್ಧನೆಯ ಬಜೆಟ್" ಎಂದು ಬದಲಾಯಿಸಿದ್ದಾರೆ. ದೇಶದ ನೆಲದಲ್ಲಿ ಶೇಕಡಾ 0.6ರಷ್ಟಿರುವ ಓಕಿನಾವಾ, ಅಮೆರಿಕನ್ ಸೇನೆಗೆಂದೇ ಮೀಸಲಾದ ಜಾಗದಲ್ಲಿ ಸುಮಾರು ಶೇಕಡಾ 70ರಷ್ಟನ್ನು ಹೊತ್ತಿದೆ. ಅಲ್ಲಿನ ಗಿನೋವಾನ್ ಊರಿನ ನಟ್ಟನಡುವೆ ಫುಟೆನ್ಮಾ ವಿಮಾನ ನೆಲೆ. ಊರಿನ ಕಾಲುಭಾಗದಷ್ಟು ಜಾಗ ಅದರದು. ಈ ಕಡೆಯಿಂದ ಆ ಕಡೆಗೆ ಹೋಗಬೇಕಾದವರು ಇವತ್ತಿಗೂ ಬೇಲಿ ಸುತ್ತಿಕೊಂಡು ಹೋಗುತ್ತಾರೆ.