ಅರಸನಿಗೂ ಅಗಸನಿಗೂ ಒಂದೇ ಅಕ್ಷರ

ಅಕ್ಷರದ ಹೆಸರನ್ನು ಬಾಯಿಪಾಠ ಮಾಡಿಸದೆ ಅದರ ಧ್ವನಿಯನ್ನು ಕಲಿಸಿ, ಧ್ವನಿಗಳನ್ನು ಕೂಡಿಸಿ ಪದ ಓದಿಸುವ ಪದ್ಧತಿಗೆ ಇಂಗ್ಲಿಷಿನವರು ‘ಫೋನಿಕ್ಸ್’ ಎನ್ನುತ್ತಾರೆ. ಖಾಸಗಿ ಶಾಲೆಗಳ ಜಾಹೀರಾತುಗಳಲ್ಲಿ ಈ ಮಾತು ಈಗ ಮೆರೆಯುತ್ತಿದೆ. ಹಲಕುಂದಿಯ ಕೂಲಿಕಾರನಾಗಲಿ, ಬಳ್ಳಾರಿಯ ಚಿಲ್ಲರೆ ವ್ಯಾಪಾರಿಯಾಗಲಿ, ಸಾಲ ಮಾಡಿಯಾದರೂ ಅಂಥ ಶಾಲೆಗೆ ಫೀಸು ಕಟ್ಟಲು ಹೊರಟರೆ ನಾವು ಹಳಿಯುವುದಿಲ್ಲ. ಹೆಬ್ಬೆಟ್ಟು ಒತ್ತಿದವನಿಗೆ ಓದಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಒಂದು ಸಂಗತಿಯನ್ನು ಅವರು ತಿಳಿದಿರಬೇಕು. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆ ಹೊರಬೇಕು. ಕನ್ನಡದಲ್ಲಿ ಅಕ್ಷರವೇ ಧ್ವನಿ. ಗಂಟಲ ಬಳಿಯ ಕವರ್ಗದಿಂದ ಹೊರಟ ವರ್ಗಗಳು ತುಟಿಯ ಪವರ್ಗಕ್ಕೆ ಬಂದು ನಿಲ್ಲುತ್ತವೆ. ತೆಲುಗಿನ ಕ್ರಮವೂ ಇದೇ ಆದುದರಿಂದ, ಮನೆಯಲ್ಲಿ ತೆಲುಗಾಡುವ ನಮ್ಮ ಗಡಿನಾಡಿನ ಮಗುವಿಗೂ ಇದು ಪರಕೀಯವಲ್ಲ.

ಸರ್ಕಾರಿ ಶಾಲೆಗಳಲ್ಲಿ ಒಳ್ಳೆಯ ಮಾರ್ಗವಿಲ್ಲವೆಂದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಅದರಲ್ಲಿ ಮೊದಲು ಬರುವವು ರ, ಗ, ಸ, ದ, ಅ. ಈ ಐದರಿಂದಲೇ ಸರ, ದರ, ಗರಗಸ, ಅರಸ, ಅಗಸ ಎಂದು ಮಗು ಓದುತ್ತದೆ. ಅರಸನಿಗೂ ಅಗಸನಿಗೂ ಒಂದೇ ಅಕ್ಷರದ ಅಂತರವೆಂಬುದನ್ನು ಒಂದನೆಯ ತರಗತಿಯಲ್ಲೇ ಕಂಡುಕೊಳ್ಳುತ್ತದೆ!

ಹಾಗಾದರೆ ಕೊರತೆ ಎಲ್ಲಿದೆ? ತೊಡಕು ಬರುವುದು ಕಾಗುಣಿತ, ಒತ್ತಕ್ಷರಗಳಲ್ಲಿ. ಕನ್ನಡದ ಅಕ್ಷರಗಳು ಕೈವಶವಾಗಲು ಇಂಗ್ಲಿಷಿನವಕ್ಕಿಂತ ಹೆಚ್ಚು ವರ್ಷ ಹಿಡಿಯುತ್ತವೆಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ಪ್ರಕಟಿಸಿದ್ದಾರೆ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಹುಡುಗ ‘ಕೂಲಿ’ ಎಂಬ ಪದದೆದುರು ತಡವರಿಸಿದರೆ, ಅವನು ಕಲಿತದ್ದು ಹಾಡು, ಓದಲ್ಲ. ಒಂದು ಇಳಿ ಬಿದ್ದರೆ ‘ಸಲ’ ಹೋಗಿ ‘ಸಾಲ’ವಾಗುತ್ತದೆ. ಆ ಇಳಿಯನ್ನು ಕಾಣದವನು ನಾಳೆ ಸಾಲದ ಕಾಗದಕ್ಕೆ ರುಜು ಹಾಕುತ್ತಾನೆ.

ಇದನ್ನು ತಿದ್ದುವುದು ಪ್ರತಿ ಮಗುವಿನ ಓದನ್ನು ಬೇರೆಬೇರೆಯಾಗಿ ಕೇಳುವ ಶಿಕ್ಷಕ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುವಾಗ, ಇರುವ ಒಬ್ಬ ಶಿಕ್ಷಕರನ್ನೂ ಚುನಾವಣೆಗೆ, ಗಣತಿಗೆ ಎಳೆದರೆ ಕೇಳುವವರಾರು? 2026-27ರೊಳಗೆ ಮೂರನೆಯ ತರಗತಿಯ ಮಗುವೆಲ್ಲ ಓದಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಸಾರಿತು. ಗುರಿಗೆ ಹೆಸರಿಟ್ಟ ಮಾತ್ರಕ್ಕೆ ಮಗು ಓದುವುದಿಲ್ಲ. ಖಾಲಿ ಹುದ್ದೆಗಳನ್ನು ತುಂಬಬೇಕು. ಮೊದಲ ಮೂರು ತರಗತಿಗಳ ಶಿಕ್ಷಕರನ್ನು ಶಾಲೆಯಿಂದ ಕದಲಿಸಕೂಡದು. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರಿಗೆ ಸ್ಥಾನವಿದೆ. ಅಲ್ಲಿ ಕುಳಿತು ಇದನ್ನು ಕೇಳಿರಿ.

ಮನೆಯ ಕೆಲಸವೂ ಒಂದಿದೆ. ಪಾಳಿ ಮುಗಿಸಿ ಬಂದ ಮೇಲೆ, ಅಂಗಡಿ ಮುಚ್ಚಿದ ಮೇಲೆ, ಕಾಲು ಗಂಟೆ ಮಗುವಿನಿಂದ ಓದಿಸಿರಿ. ಓದು ಬಾರದ ತಾಯಿಯೂ ಕಿವಿಗೊಡಬಲ್ಲಳು. ಮಗು ಕೂಡಿಸಿ ಓದಿದ್ದು ಆಕೆಗೆ ತಿಳಿಯುವ ಮಾತಾಗಿ ಕೇಳಿಸಿದ ದಿನ, ಆ ಮನೆಗೆ ಅಕ್ಷರ ಬಂತೆಂದೇ ತಿಳಿಯಿರಿ.