ತೊಟ್ಟಿಲು ತಿರುಗಿಸುವವನ ಮಾತಿಗೂ ಬೆಲೆಯಿರಲಿ

ಸಂಖ: ದ್ರಾಕ್ಷಿ, ದಾಳಿಂಬೆಯ ರೊಕ್ಕ ಚಲೋ ಬಂದ ವರ್ಷ ಮಕ್ಕಳನ್ನು ಕರೆದುಕೊಂಡು ಮನರಂಜನಾ ಪಾರ್ಕುಗಳಿಗೆ ಹೋಗಿಬರುವುದು ನಮ್ಮ ಜತ್ತ ತಾಲೂಕಿನಲ್ಲಿಯೂ ರೂಢಿಯಾಗಿದೆ. ಮುಂಬಯಿ ಕಡೆ ಹೋದವರು 2013ರಲ್ಲಿ ತೆರೆದ ಖೋಪೋಲಿಯ ಇಮ್ಯಾಜಿಕಾ ನೋಡುತ್ತಾರೆ. ಬೆಂಗಳೂರು ಕಡೆ ಹೋದವರಿಗೆ ಬಿಡದಿ ಹತ್ತಿರ 2005ರಿಂದ ನಡೆದಿರುವ ವಂಡರ್‌ಲಾ ಇದೆ. ಅಷ್ಟು ದೂರ ಹೋಗಲಾಗದವರಿಗೆ ಜತ್ತದ ಯಲ್ಲಮ್ಮನ ಜಾತ್ರೆಯಂಥ ಕಡೆ ಬರುವ ತಿರುಗುವ ತೊಟ್ಟಿಲುಗಳೇ ಪಾರ್ಕು. ಮರಾಠಿಯೊಳಗ ಅದಕ್ಕೆ ಪಾಳಣಾ ಅಂತೇವಿ. ಜಾಗ ದೊಡ್ಡದಿರಲಿ, ಸಣ್ಣದಿರಲಿ, ಅಲ್ಲಿ ನಾನು ಕೇಳುತ್ತ ಬಂದಿರುವ ಜಗಳ ಮಾತ್ರ ಒಂದೇ.

"ರೊಕ್ಕಾ ಎಣಿಸಿ ಕೊಟ್ಟೇವಿ. ಕೂಡಸಾಕ ನಿಂದೇನ ಗಂಟ ಹೋಗತೈತಿ?"

"ಇಲ್ರೀ ಕಾಕಾ, ಕೂಸಿಗೆ ಎತ್ತರ ಸಾಲಂಗಿಲ್ಲ."

ಈ ಜಗಳದಲ್ಲಿ ನಾನು ಆ ಹುಡುಗನ ಪರ. ಕಾರಣ ಹೇಳುತ್ತೇನೆ.

ರಭಸದ ಆಟಗಳಲ್ಲಿ ಕೂತವರನ್ನು ಹಿಡಿದಿಡುವುದು ಎದೆಯ ಪಟ್ಟಿ ಇಲ್ಲವೆ ತೊಡೆಯ ಮೇಲಿನ ಕಬ್ಬಿಣದ ಸರಳು. ಅದು ಇಂತಿಷ್ಟು ಎತ್ತರದ ಮೈಗೆಂದೇ ಮಾಡಿದ್ದು. ದೊಡ್ಡ ಎತ್ತಿನ ಜತ್ತಿಗೆಯನ್ನು ಕರುವಿನ ಕೊರಳಿಗೆ ಕಟ್ಟಿದರೆ ನಿಂತೀತೆ? ಸೀರೆಯ ಸೆರಗು, ಓಢಣಿ, ಬಿಟ್ಟ ಕೂದಲಿನ ಮಾತೂ ಹಾಗೆಯೇ. ರಾಶಿ ಮಷಿನ್ನಿನ ಮುಂದೆ ಸೆರಗು ಜೋತುಬಿಟ್ಟು ನಿಲ್ಲಲು ನಮ್ಮ ಹೆಣ್ಣುಮಕ್ಕಳನ್ನು ನಾವೇ ಬಿಡುವುದಿಲ್ಲ. ಅದೇ ಮಾತನ್ನು ಪಾರ್ಕಿನ ಹುಡುಗ ಹೇಳಿದರೆ ಮರ್ಯಾದೆ ಹೋಯಿತೆನ್ನುವುದು ಏಕೆ? ನೀರಿನ ಜಾರುಬಂಡೆಯ ತಲೆಯ ಮೇಲೆ ನಿಂತವನು ಒಬ್ಬೊಬ್ಬರನ್ನೇ ತಡೆದು ಬಿಡುತ್ತಾನೆ. ಕೆಳಗೆ ಇಳಿದವನು ಹೊಂಡದಿಂದ ಏಳುವ ಮೊದಲೇ ಹಿಂದಿನವನು ಬಂದರೆ ಒಬ್ಬನ ಕಾಲು ಇನ್ನೊಬ್ಬನ ತಲೆಗೆ ಬಡಿಯುತ್ತದೆ. ಪಾಳಿಯಲ್ಲಿ ನಿಂತವರಿಗೆ ಅದು ಆಲಸ್ಯವಾಗಿ ಕಾಣುತ್ತದೆ, ಅಷ್ಟೇ.

ಮಾತು ಮೀರಿದರೆ, ಯಂತ್ರ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 2023ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಜಾತ್ರೆಯಲ್ಲಿ ಬಾಲಕಿಯೊಬ್ಬಳ ಕೂದಲು ತಿರುಗುವ ತೊಟ್ಟಿಲಿಗೆ ಸಿಕ್ಕು ತಲೆಗೆ ಭಾರಿ ಗಾಯವಾಯಿತು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಮೇಳದಲ್ಲಿ ಎತ್ತರಕ್ಕೇರಿದ ಆಟವೊಂದು ಜನರ ಸಮೇತ ನೆಲಕ್ಕಪ್ಪಳಿಸಿತು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಯ ಪಾರ್ಕಿನಲ್ಲಿ ತೂಗಾಡುವ ಆಟ ಮುರಿದುಬಿದ್ದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ಪೊಲೀಸರು ಹಿಡಿದೊಯ್ದವರಲ್ಲಿ ದೊಡ್ಡವರ ಜೊತೆಗೆ ಆಟ ನಡೆಸುವ ಹುಡುಗರೂ ಇದ್ದರು. ಅವಘಡವಾದ ಮೇಲೆ ಬೇಡಿ ಅವನ ಕೈಗೂ ಬೀಳುತ್ತದೆಂದಾದರೆ, ಅವಘಡಕ್ಕೆ ಮೊದಲು ಅವನ ಮಾತಿಗೆ ಬೆಲೆ ಇರಬೇಕಲ್ಲವೆ? ಗುಂಡಿ ಒತ್ತಿ ಆಟ ನಿಲ್ಲಿಸುವ ಅಧಿಕಾರವನ್ನು ಮಾಲೀಕ ಅವನಿಗೆ ಪೂರ್ತಿ ಕೊಡಬೇಕು. ನಿಲ್ಲಿಸಿದ್ದಕ್ಕೆ ಪಗಾರ ಮುರಿಯಬಾರದು.

1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿ ತೆರೆದ ಡಿಸ್ನಿಲ್ಯಾಂಡ್ ಜಗತ್ತಿನ ಇಂಥ ಪಾರ್ಕುಗಳಿಗೆಲ್ಲ ಮಾದರಿ. ಅಲ್ಲಿ ಬಂದವರಿಗೆ ಗಿರಾಕಿ ಎನ್ನುವುದಿಲ್ಲ, ಅತಿಥಿ ಎನ್ನುತ್ತಾರೆ. ಕೆಲಸಗಾರರಿಗೆ ನಾಟಕದ ಪಾತ್ರಧಾರಿಗಳೆಂದು ಹೆಸರು. ಇಷ್ಟೆಲ್ಲ ಉಪಚಾರ ಕಲಿಸುವ ಅದೇ ಜಾಗದಲ್ಲಿ ಕೆಲಸಗಾರನಿಗೆ ಹೇಳಿಕೊಡುವ ಮೊದಲನೆಯ ಪಾಠ ಸುರಕ್ಷತೆಯದು. ಸೌಜನ್ಯ ಎರಡನೆಯದು. ಆಟದ ಅಂದ, ಕೆಲಸದ ಚುರುಕು ಆಮೇಲೆ. ಇದು ನಮ್ಮ ವ್ಯಾಪಾರಸ್ಥರಿಗೆ ತಿಳಿಯದ ಮಾತಲ್ಲ. ಗಿರಾಕಿ ದೇವರೆಂದು ಗೋಡೆಗೆ ಬರೆಸಿದ ಔಷಧಿ ಅಂಗಡಿಯವನು ಕೂಡ, ಸಣ್ಣ ಹುಡುಗ ಬಂದು ಬೆಳೆಗೆ ಹೊಡೆಯುವ ವಿಷ ಕೇಳಿದರೆ "ನಿಮ್ಮಪ್ಪನ್ನ ಕಳಸು ಹೋಗು" ಎನ್ನುತ್ತಾನೆ.

ಹಾಗೆಂದು ತಪ್ಪೆಲ್ಲ ಬಂದವರದೇ ಎಂದು ನಾನು ಹೇಳುವುದಿಲ್ಲ. ಇಲ್ಲ ಅನ್ನುವುದಕ್ಕೂ ಒಂದು ರೀತಿ ಇದೆ. ಧೋತರ ಉಟ್ಟವರನ್ನು, ಇಳಕಲ್ ಸೀರೆಯವರನ್ನು ಕಂಡಕೂಡಲೆ "ಏ ಮುದಕಾ, ಹಿಂದ ಸರಿ" ಎಂದು ಕೈಬೀಸುವ ಹುಡುಗರೂ ಇದ್ದಾರೆ. "ಅಜ್ಜಾರ, ಇದು ಎದೀ ಬ್ಯಾನಿ ಇದ್ದವರಿಗೆ ಆಗಂಗಿಲ್ರೀ, ಆ ಕಡೀ ರೈಲಿನ್ಯಾಗ ಕೂಡ್ರಿ" ಎಂದರೆ ಯಾರಿಗೆ ಸಿಟ್ಟು ಬರುತ್ತದೆ? ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸೀರೆ ನಡೆಯುವುದಿಲ್ಲ ಎಂಬುದನ್ನು ಟಿಕೇಟಿನ ಕಿಡಕಿಯಲ್ಲೇ ತಿಳಿಸಬೇಕು. ರೊಕ್ಕ ತೆಗೆದುಕೊಂಡು, ಎರಡು ತಾಸು ಪಾಳಿಯಲ್ಲಿ ನಿಲ್ಲಿಸಿ ಆಮೇಲೆ ಹೇಳುವುದು ಅನ್ಯಾಯ.

ಭಾಷೆಯ ವಿಷಯದಲ್ಲಿ ಗಡಿಯವರಾದ ನಾವು ಅದೃಷ್ಟವಂತರು. ಆಚೆ ಮರಾಠಿ, ಈಚೆ ಕನ್ನಡ, ಎರಡೂ ನಮಗೆ ಬರುತ್ತವೆ. ಆದರೆ ಎದುರಿಗೆ ನಿಂತ ಹುಡುಗ ಒಡಿಶಾದವನೋ ಬಿಹಾರದವನೋ ಆಗಿರಬಹುದು. ಅವನಿಗೆ ನಮ್ಮ ಎರಡೂ ಬಾರದಿದ್ದರೆ ಅದು ಅಹಂಕಾರವಲ್ಲ. ಹೊಟ್ಟೆಪಾಡಿಗೆ ಬಂದವನು. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಗುಳೆ ಹೋಗುವ ನಮ್ಮ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಾಳೆ ನಮ್ಮದೇ ಮನೆಯ ಹುಡುಗ ಅಂಥ ಅಂಗಿ ತೊಟ್ಟು ಬಿಸಿಲಿನಲ್ಲಿ ನಿಂತು ಯಾರದೋ ಬೈಗುಳ ಕೇಳಬೇಕಾದೀತು.

ದೂರದ ಪಾರ್ಕುಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಊರ ಜಾತ್ರೆ ನಮ್ಮ ಕೈಯಲ್ಲಿದೆ. ತೊಟ್ಟಿಲಿನವರಿಗೆ ಜಾಗ ಕೊಡುವ ಮೊದಲು ಜಾತ್ರಾ ಕಮಿಟಿ ಮತ್ತು ಗ್ರಾಮ ಪಂಚಾಯಿತಿಯವರು ಮೂರು ಮಾತು ಬರೆಸಿಕೊಳ್ಳಲಿ. ದಿನಾ ಮುಂಜಾನೆ ಖಾಲಿ ತಿರುಗಿಸಿ ನೋಡಿ, ಬೋಲ್ಟು, ಪಿನ್ನು ಬಿಗಿದ ಮೇಲೆಯೇ ಜನರನ್ನು ಕೂಡಿಸಬೇಕು. ಎತ್ತರದ ಗೆರೆ ಮತ್ತು ನಿಯಮದ ಫಲಕ ಕನ್ನಡ, ಮರಾಠಿ ಎರಡರಲ್ಲೂ ಇರಬೇಕು. ನಡೆಸುವವನಿಗೆ ಪಾಳಿ ಬದಲಿಸುವ ಇನ್ನೊಬ್ಬ ಬೇಕು. ರಾತ್ರಿಯೆಲ್ಲ ನಿದ್ದೆಗೆಟ್ಟವನ ಕೈಗೆ ನಮ್ಮ ಮಕ್ಕಳನ್ನು ಒಪ್ಪಿಸುವುದು ಸಲ್ಲ. ನಾಲ್ಕನೆಯ ಮಾತು ನಮಗೆ. ಅವನು "ಬ್ಯಾಡ್ರಿ" ಎಂದಾಗ ಕಮಿಟಿಯವರ ಹೆಸರು ಹೇಳಿ, ಪುಢಾರಿಗಳಿಗೆ ಫೋನ್ ಹಚ್ಚಿ ಕೂಸನ್ನು ಮೇಲೆ ಹತ್ತಿಸುವ ಚಾಳಿ ಬಿಡೋಣ.